ಹಿಂಬರಹ ಕೊಡಿ
ಬಸ್ತಿಹಳ್ಳಿಯಲ್ಲಿ ಸೇರಿದವರ ಪ್ರಣಾಳಿಕೆ

"ನಲವತ್ತಿಲ್ಲ ಕಣಪ್ಪ, ಆಗಲ್ಲ, ಹೋಗು."

ಈ ಮಾತು ಕೇಳಿಸಿಕೊಂಡು ಬಂದ ನನ್ನ ತಮ್ಮ ಆರು ವರ್ಷ ಸುಮ್ಮನೆ ಕೂತ. ಚಿಕ್ಕವನಿದ್ದಾಗ ಜೋಳದ ಹೊಲದಲ್ಲಿ ಒಣಕಡ್ಡಿ ಚುಚ್ಚಿ ಅವನ ಎಡಗಣ್ಣು ಹೋಯಿತು. ಇಪ್ಪತ್ತೆರಡರ ವಯಸ್ಸಿಗೆ, ಆಲೂಗೆಡ್ಡೆ ಮೂಟೆ ತುಂಬಿದ್ದ ಟ್ರೇಲರ್ ಹಿಂದಕ್ಕೆ ಜಾರಿ ಬಲಗಾಲಿನ ಹರಡು ನಜ್ಜಾಯಿತು. ಮೂಳೆ ಕೂಡಿಕೊಂಡಿತು, ಆದರೆ ಆ ಕೀಲು ಇವತ್ತಿಗೂ ಮಡಚುವುದಿಲ್ಲ. ಹೊಲದ ಬದು ಹತ್ತುವಾಗ ಪಾದವನ್ನು ಅಡ್ಡಕ್ಕೆ ತಿರುಗಿಸಿ, ಎದುರಿಗೆ ಒಂದು ಕೈ ಊರಿ, ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಎಡಗಡೆಯಿಂದ ಬರುವ ಗಾಡಿ ಕಾಣುವುದಿಲ್ಲ. ಕಂಡರೂ ಬೇಗ ಪಕ್ಕಕ್ಕೆ ಸರಿಯಲು ಕಾಲು ಬರುವುದಿಲ್ಲ.

ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಅವತ್ತು ಕಣ್ಣಿನ ಡಾಕ್ಟರ ದಿನ. ಕಣ್ಣು ನೋಡಿ ವೈಕಲ್ಯ ಶೇ. 30 ಎಂದು ಬರೆದುಕೊಟ್ಟರು. ಮೂಳೆ ಡಾಕ್ಟರ ದಿನ ಬೇರೆ ಇತ್ತು, ಹಾಗಾಗಿ ಕಾಲನ್ನು ಯಾರೂ ಮುಟ್ಟಲಿಲ್ಲ. ಇನ್ನೊಂದು ದಿನ ಬಂದು ಕಾಲನ್ನೂ ತೋರಿಸಬಹುದು, ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ ಎಂದು ಹೇಳಿದವರಿಲ್ಲ. ಆ 30ರ ಕಾಗದ ಹಿಡಿದು ಒಂದು ಕಚೇರಿಯ ಕಿಟಕಿಗೆ ಹೋದಾಗ ಸಿಕ್ಕಿದ್ದು ಮೇಲಿನ ಆ ಮಾತು. ಕೈಗೆ ಚೀಟಿ ಬರಲಿಲ್ಲ, ಅರ್ಜಿ ತೆಗೆದುಕೊಳ್ಳಲಿಲ್ಲ, ಅರ್ಜಿಗೆ ನಂಬರು ಬೀಳಲಿಲ್ಲ. ಹೀಗಾಗಿ ದಾಖಲೆಯ ಪ್ರಕಾರ ನನ್ನ ತಮ್ಮನಿಗೆ ಯಾರೂ ಏನನ್ನೂ ನಿರಾಕರಿಸಿಲ್ಲ. ಅವನು ಕೇಳಲೇ ಇಲ್ಲ ಎಂದಾಯಿತು.

ಆರು ವರ್ಷದ ಮೇಲೆ ಒಂದು ದಿನ, ಬೇಲೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದ ಬೇರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರು, ಅವರದೂ ಕ್ಯಾಲಿಪರ್ ಕಟ್ಟಿದ ಕಾಲು, ತಮ್ಮನ ನಡಿಗೆ ನೋಡಿ ವಿಚಾರಿಸಿದರು. ಟಿಕೆಟ್ಟಿನ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದು ತೋರಿಸಿದರು. ಆ ಟಿಕೆಟ್ಟು ನಮ್ಮ ಮನೆಯ ದೇವರ ಪಟದ ಹಿಂದೆ ಇದೆ.

ಲೆಕ್ಕ ಹೀಗಿದೆ. ಎರಡು ಬಗೆಯ ವೈಕಲ್ಯ ಇದ್ದವರಿಗೆ ಎರಡನ್ನೂ ಬರಿದೇ ಕೂಡುವುದಿಲ್ಲ. ದೊಡ್ಡದನ್ನು ಇದ್ದಂತೆ ಇಟ್ಟುಕೊಂಡು, 90ರಿಂದ ಅದನ್ನು ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ಕಣ್ಣಿಗೆ 30, ಕಾಲಿಗೆ 20 ಎಂದಿಟ್ಟುಕೊಳ್ಳಿ. 90ರಲ್ಲಿ 30 ಹೋದರೆ 60. ಅದನ್ನು 20ರಿಂದ ಗುಣಿಸಿದರೆ 1,200. 90ರಿಂದ ಭಾಗಿಸಿದರೆ 13ಕ್ಕೆ ಸ್ವಲ್ಪ ಮೇಲೆ. 30ಕ್ಕೆ ಸೇರಿಸಿದರೆ 43. ಏಳನೇ ಕ್ಲಾಸು ಓದಿದ ಯಾರು ಬೇಕಾದರೂ ಮಾಡಬಹುದಾದ ಈ ಲೆಕ್ಕ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮೌಲ್ಯಮಾಪನ ಮಾರ್ಗಸೂಚಿಯಲ್ಲಿದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ 30 ಎಂಬುದೂ ಅದರಲ್ಲೇ ಇದೆ. ಆಮೇಲೆ ಕಾಲನ್ನು ತೋರಿಸಿದೆವು. 20 ಬಂತು. ತಮ್ಮ ಈಗ 43. ಆರು ವರ್ಷದ ಹಿಂದೆಯೂ ಅವನು 43ರವನೇ ಆಗಿದ್ದ.

ಅವನೊಬ್ಬನ ಕಥೆ ಎಂದುಕೊಂಡು ನಾನು ಸುಮ್ಮನಿರುತ್ತಿದ್ದೆ. ಆದರೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳ ಹತ್ತಿರ ಊರಿನ ಹೆಂಗಸರು ಎಲ್ಲವನ್ನೂ ಹೇಳುತ್ತಾರೆ. ರವಿಕೆ ಅಳತೆ ಕೊಡುತ್ತಲೇ ಒಬ್ಬರು ಮಗಳ ಫಿಟ್ಸಿನ ಮಾತು ತೆಗೆದರು. ಇನ್ನೊಬ್ಬರು, ನಾಲ್ಕು ಗೋಡೆ ದಾಟದ ಅಣ್ಣನ ಬಗ್ಗೆ ಹೇಳಿದರು. ಅವನಿಗೆ ಇಪ್ಪತ್ತು ವರ್ಷದಿಂದ ಮಾನಸಿಕ ಕಾಯಿಲೆ. ಎಲ್ಲರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಆಗಲ್ಲ ಅಂದ್ರು. ಯಾರು ಅಂದರು, ಯಾವ ನಿಯಮ ಹಿಡಿದು ಅಂದರು, ಎಲ್ಲಿ ಬರೆದುಕೊಟ್ಟರು ಎಂದು ಕೇಳಿದರೆ ಉತ್ತರವಿಲ್ಲ. ಹೀಗೆ ಹನ್ನೊಂದು ಮನೆಯವರು ಒಂದು ಭಾನುವಾರ ನಮ್ಮೂರ ಬಸದಿಯ ಕಾಂಪೌಂಡಿನ ಹೊರಗೆ ಮರದ ನೆರಳಲ್ಲಿ ಕೂತೆವು. ಈ ಪ್ರಣಾಳಿಕೆ ಅವತ್ತು ಆಡಿದ ಮಾತುಗಳಿಂದ ಹುಟ್ಟಿದ್ದು. ಬರೆದವಳು ನಾನು, ಒಪ್ಪಿದವರು ಎಲ್ಲರೂ.

ನಮ್ಮ ಬೇಡಿಕೆಗಳೆಲ್ಲ ಒಂದೇ ಪದದಿಂದ ಶುರುವಾಗುತ್ತವೆ. ಹಿಂಬರಹ. ಕಚೇರಿಗೆ ಅರ್ಜಿ ಕೊಟ್ಟರೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಕಾರಣ ಸಹಿತ, ಸಹಿ ಸಹಿತ ಬರೆದುಕೊಡುವ ಕಾಗದ. ಜಮೀನಿನ ಪೋಡಿ ಮಾಡಿಸಿದವರಿಗೆ, ಖಾತೆ ಬದಲಾವಣೆಗೆ ಅಲೆದವರಿಗೆ ಈ ಪದ ಚೆನ್ನಾಗಿ ಗೊತ್ತು. ಅಂಗವಿಕಲರ ಕೈಗೆ ಮಾತ್ರ ಅದು ಬರುವುದೇ ಇಲ್ಲ. ನಮಗೆ ಬಾಯಲ್ಲೇ ಹೇಳಿ ಕಳಿಸುತ್ತಾರೆ. ಬಾಯಿಮಾತಿಗೆ ಮೇಲ್ಮನವಿ ಇಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಪಾಸಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 58ನೇ ಕಲಂ ವೈಕಲ್ಯದ ಪ್ರಮಾಣಪತ್ರದ್ದು. 59ನೇ ಕಲಂ, ಪ್ರಮಾಣಪತ್ರದ ತೀರ್ಮಾನ ಒಪ್ಪದವರು ಮೇಲ್ಮನವಿ ಹೋಗಬಹುದು ಎನ್ನುತ್ತದೆ. 2017ರ ನಿಯಮಗಳ ಕೊನೆಯಲ್ಲಿ ನಮೂನೆಗಳಿವೆ. ಪ್ರಮಾಣಪತ್ರಕ್ಕೆ 5, 6, 7ನೇ ನಮೂನೆಗಳು. ಅದರಲ್ಲಿ 6ನೆಯದು ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರದ್ದು, ನನ್ನ ತಮ್ಮನಿಗೆ ಮೊದಲ ದಿನವೇ ಸಿಗಬೇಕಾಗಿದ್ದದ್ದು. 8ನೇ ನಮೂನೆ ತಿರಸ್ಕಾರದ್ದು. ನಿಮಗೆ ಪ್ರಮಾಣಪತ್ರ ಕೊಡಲಾಗುವುದಿಲ್ಲ, ಕಾರಣ ಇಂಥದ್ದು ಎಂದು ವೈದ್ಯಾಧಿಕಾರಿ ತುಂಬಿ ಸಹಿ ಹಾಕಿ ಕೊಡಬೇಕಾದ ಅಚ್ಚು ಮಾಡಿದ ಹಾಳೆ. ಆ ಭಾನುವಾರ ಸೇರಿದ ಹನ್ನೊಂದು ಮನೆಯವರಲ್ಲಿ 8ನೇ ನಮೂನೆಯನ್ನು ಕಣ್ಣಲ್ಲಿ ಕಂಡವರು ಒಬ್ಬರೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಅಂಗವಿಕಲರ ಭತ್ಯೆಗೆ ಅರ್ಜಿ ಹಾಕಿದವರ ಮನೆಗೆ ಅಂಚೆಯಲ್ಲಿ ಒಂದು ಪತ್ರ ಬರುತ್ತದೆ. ಅಡುಗೆ ಮಾಡಿಕೊಳ್ಳಲು ಇಷ್ಟು ಅಂಕ, ಸ್ನಾನಕ್ಕೆ ಇಷ್ಟು, ನಡಿಗೆಗೆ ಇಷ್ಟು ಎಂದು ಒಂದೊಂದನ್ನೂ ಬಿಡಿಸಿ ಬರೆದಿರುತ್ತಾರೆ. ಅಲ್ಲಿನವರಿಗೂ ಆ ಅಂಕಗಳ ಬಗ್ಗೆ ಸಿಟ್ಟಿದೆ, ಜಗಳವಿದೆ. ಆದರೆ ಜಗಳ ಆಡಲು ಕೈಯಲ್ಲೊಂದು ಕಾಗದವಿದೆ. ಅಷ್ಟಾದರೂ ನಮಗೆ ಬೇಕು.

ಇನ್ನು ಅರ್ಹತೆಯ ವಿಷಯ. ನಮ್ಮಲ್ಲಿ ಬಹಳ ಜನ ನಲವತ್ತನ್ನು ಊರ ಬಾಗಿಲು ಎಂದು ತಿಳಿದಿದ್ದಾರೆ. ಅದರ ಆಚೆ ಎಲ್ಲವೂ ಇದೆ, ಈಚೆ ಏನೂ ಇಲ್ಲ ಎಂದು. ಕಚೇರಿಯಲ್ಲಿ ಕೂತವರೂ ಹಾಗೇ ತಿಳಿದಿರುವುದುಂಟು. ಅದು ತಪ್ಪು.

ಕಾನೂನಿನ 2ನೇ ಕಲಮಿನಲ್ಲಿ ಎರಡು ಬೇರೆ ವ್ಯಾಖ್ಯೆಗಳಿವೆ. ಅಂಗವಿಕಲ ವ್ಯಕ್ತಿ ಎಂದರೆ ಯಾರು ಎಂಬಲ್ಲಿ ಯಾವ ಪರ್ಸೆಂಟೇಜೂ ಇಲ್ಲ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯದ ಊನವಿದ್ದು, ಅದರ ಜೊತೆಗೆ ಎದುರಾಗುವ ಅಡೆತಡೆಗಳಿಂದ ಉಳಿದವರಂತೆ ಸಮಾಜದಲ್ಲಿ ಪಾಲ್ಗೊಳ್ಳಲು ಆಗದವರು, ಅಷ್ಟೆ. ತಾರತಮ್ಯ ಮಾಡಬಾರದು, ಅಗತ್ಯ ಹೊಂದಾಣಿಕೆ ಮಾಡಿಕೊಡಬೇಕು, ಕಟ್ಟಡಕ್ಕೆ ದಾರಿ ಇರಬೇಕು ಎಂಬ ಹಕ್ಕುಗಳು ಇವರೆಲ್ಲರಿಗೂ ಸೇರಿದ್ದು. ನಲವತ್ತು ಬರುವುದು ಇನ್ನೊಂದು ವ್ಯಾಖ್ಯೆಯಲ್ಲಿ. ಸರ್ಕಾರಿ ನೌಕರಿಯಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಬಡತನ ನಿವಾರಣೆ ಯೋಜನೆಗಳಲ್ಲಿ ಶೇ. 5 ಪಾಲು ಇಂಥವಕ್ಕೆ ನಲವತ್ತು ಬೇಕು. ಬರೆಯುವಾಗ ಕೈ ಸೆಟೆದುಕೊಳ್ಳುವ ಕಾಯಿಲೆಯಿದ್ದ ಯುವಕನೊಬ್ಬ ಪರೀಕ್ಷೆ ಬರೆಯಲು ಬರಹಗಾರರನ್ನು ಕೇಳಿದ, ನಲವತ್ತು ಇಲ್ಲವೆಂದು ಕೊಡಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ವಿಕಾಶ್ ಕುಮಾರ್ ಪ್ರಕರಣದಲ್ಲಿ, ಬರಹಗಾರರ ಸೌಲಭ್ಯಕ್ಕೆ ನಲವತ್ತರ ಗೆರೆ ಎಳೆಯುವಂತಿಲ್ಲ ಎಂದು ತೀರ್ಪು ಕೊಟ್ಟಿತು. 30 ಇರುವ ಮಗುವಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಸಹಾಯ ಬೇಕಿದ್ದರೆ ಹೆಡ್‌ಮಾಸ್ಟರ ಮುಂದೆ ಈ ಹೆಸರು ಹೇಳಿ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಕೂಡ ನಲವತ್ತು ದಾಟಿದವರಿಗೆ ಮಾತ್ರ ಎಂದು ಸುಮಾರು ಜನ ನಂಬಿದ್ದಾರೆ. ಕಾರ್ಡಿನಲ್ಲಿ ಮೂರು ಬಣ್ಣಗಳಿವೆ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಬಣ್ಣ ಇದೆ ಎಂದರೆ 30ರವರಿಗೂ ಕಾರ್ಡು ಕೊಡುವ ಉದ್ದೇಶ ಸರ್ಕಾರಕ್ಕೇ ಇದೆ ಎಂದರ್ಥ. ಮಾಡಿಸಿಕೊಳ್ಳಿ. ನಾಳೆ ವೈಕಲ್ಯ ಹೆಚ್ಚಾದರೆ, ಇನ್ನೊಂದು ಸೇರಿಕೊಂಡರೆ, ದಾಖಲೆ ಇವತ್ತಿನಿಂದ ಇರುತ್ತದೆ.

ಮಾಸಾಶನದ ಬಾಗಿಲು ಮತ್ತೆ ಬೇರೆ. ನಮ್ಮೂರಲ್ಲಿ ಅದನ್ನು ಮಾಸಾಶನ ಎಂದು ಯಾರೂ ಕರೆಯುವುದಿಲ್ಲ. ಅಂಗವಿಕಲರ ಸಂಬಳ ಅನ್ನುತ್ತಾರೆ. ಸಂಬಳ ಬಂತಾ, ಸಂಬಳ ನಿಂತೋಯ್ತು. ಆ ಪದವನ್ನು ತಿದ್ದಲು ನಮಗೆ ಮನಸ್ಸಿಲ್ಲ. ಸಂಬಳವನ್ನು ಯಾರೂ ಭಿಕ್ಷೆ ಎಂದುಕೊಳ್ಳುವುದಿಲ್ಲ. ಕರ್ನಾಟಕದಲ್ಲಿ 40ರಿಂದ 75ರೊಳಗೆ ಇರುವವರಿಗೆ 2021ರಲ್ಲಿ 600 ರೂಪಾಯಿ ಇದ್ದದ್ದನ್ನು 800 ಮಾಡಿದರು. 75 ಮತ್ತು ಮೇಲಿದ್ದರೆ 1,400, ಅಷ್ಟೇ ಪ್ರಮಾಣದ ಬೌದ್ಧಿಕ ವೈಕಲ್ಯ ಇದ್ದವರಿಗೆ 2,000. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ಯೋಜನೆಗೆ 80 ಆಗಿರಬೇಕು, ವಯಸ್ಸು 18 ದಾಟಿರಬೇಕು, ಬಿಪಿಎಲ್ ಕುಟುಂಬವಾಗಿರಬೇಕು. ಅದರ ಪಾಲು 2012ರಿಂದ 300 ರೂಪಾಯಿಯಲ್ಲೇ ನಿಂತಿದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿನ ರಿಯಾಯಿತಿ ಕೇಳಿದರೆ ಪ್ರಶ್ನೆಯೇ ಬದಲಾಗುತ್ತದೆ: ಕಾಲಿನ ವೈಕಲ್ಯ ಇದ್ದವರು ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾಗದವರೇ ಎಂದು ವೈದ್ಯರು ಬರೆದಿರಬೇಕು. ರಾಜ್ಯ ಸಾರಿಗೆ ಬಸ್ಸಿನ ಪಾಸಿಗೆ ಮನೆಯಿಂದ 100 ಕಿಲೋಮೀಟರಿನ ಮಿತಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇದ್ದವರಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಬರೀ ಕಣ್ಣಿನ ಅಥವಾ ಬರೀ ಕಾಲಿನ ವೈಕಲ್ಯದವರಿಗೆ ಅದು ಇಲ್ಲ. ಒಂದೊಂದಕ್ಕೂ ಒಂದೊಂದು ಬಾಗಿಲು, ಒಂದೊಂದು ಎತ್ತರದ ಹೊಸ್ತಿಲು. ಒಂದು ಬಾಗಿಲಲ್ಲಿ ಆಗಲ್ಲ ಅಂದವರ ಮಾತು ಕೇಳಿ ಎಲ್ಲ ಬಾಗಿಲಿಗೂ ಬೆನ್ನು ತಿರುಗಿಸಿ ಬರುತ್ತಿದ್ದೇವಲ್ಲ, ನಮಗೆ ಅತಿ ಹೆಚ್ಚು ನಷ್ಟ ಆಗಿರುವುದು ಅಲ್ಲಿ.

ಯಾವುದು ವೈಕಲ್ಯ ಎಂಬುದೂ ಬದಲಾಗಿದೆ. 1995ರ ಹಳೆಯ ಕಾನೂನಿನಲ್ಲಿ ಏಳು ಬಗೆ ಇದ್ದವು. ಈಗ 21. ಪಾರ್ಕಿನ್ಸನ್ ಇದೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳಿವೆ. ಆ್ಯಸಿಡ್ ದಾಳಿಗೆ ಸಿಕ್ಕವರು, ಕುಳ್ಳತನ ಇರುವವರು, ಕುಷ್ಠ ವಾಸಿಯಾದವರು, ಓದು-ಬರಹದಲ್ಲಿ ನಿರ್ದಿಷ್ಟ ಕಲಿಕಾ ತೊಡಕು ಇರುವ ಮಕ್ಕಳು ಇದ್ದಾರೆ. ಮಾನಸಿಕ ಕಾಯಿಲೆ ಇದೆ. ಹೊರಗಿನಿಂದ ನೋಡಿದರೆ ಇವರಲ್ಲಿ ಅರ್ಧಕ್ಕರ್ಧ ಜನ ಚೆನ್ನಾಗೇ ಇದ್ದಾರೆ ಅನ್ನಿಸುತ್ತದೆ. ನೋಡೋಕೆ ಗಟ್ಟಿಮುಟ್ಟಾಗಿದ್ದಾನಲ್ಲ ಎಂಬ ಮಾತು ಕಚೇರಿಯವರು ಹೇಳುವ ಮೊದಲು ನಾವೇ, ಅಕ್ಕಪಕ್ಕದವರೇ ಹೇಳಿರುತ್ತೇವೆ. ಆ ನಾಲ್ಕು ಗೋಡೆಯ ಅಣ್ಣನ ತಂಗಿ ಅವತ್ತು ಹೇಳಿದ್ದು ಇದನ್ನೇ. "ಕಾಲಿಲ್ದಿದ್ರೆ ಅಯ್ಯೋ ಪಾಪ ಅಂತಾರೆ ಕಣಕ್ಕ. ನಮ್ಮಣ್ಣಂಗೆ ಸೋಂಬೇರಿ ಅಂತಾರೆ." ಈ ಚಳವಳಿಯಲ್ಲಿ ಮಾನಸಿಕ ಕಾಯಿಲೆಯವರು ಕೊನೆಯ ಸಾಲಿನವರಾಗುವುದಿಲ್ಲ. ಅವತ್ತೇ ಅದನ್ನು ಗೊತ್ತು ಮಾಡಿಕೊಂಡೆವು.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಆದಾಯದ ಮಿತಿ. ಆಸ್ಪತ್ರೆಯ ಮೆಟ್ಟಿಲು ಹತ್ತಿ, ಪರ್ಸೆಂಟೇಜ್ ಬರೆಸಿಕೊಂಡು, ಕಾರ್ಡು ಬಂದ ಮೇಲೂ ಸಂಬಳ ಸಿಗದವರು ನಮ್ಮಲ್ಲಿ ನಾಲ್ವರಿದ್ದರು. ಮಾಸಾಶನಕ್ಕೆ ವರ್ಷದ ಆದಾಯ 32,000 ರೂಪಾಯಿ ಮೀರಬಾರದು. ಈ ಅಂಕಿಯ ಪಕ್ಕದಲ್ಲಿ ಇನ್ನೊಂದು ಸರ್ಕಾರಿ ಅಂಕಿಯನ್ನು ಇಟ್ಟು ನೋಡಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ನೂರು ದಿನ ಕೆಲಸ ಆಗ ಕಾನೂನೇ ಕೊಟ್ಟ ಭರವಸೆಯಾಗಿತ್ತು. ನೂರು ದಿನವೂ ಮಣ್ಣು ಹೊತ್ತ ಮನೆಗೆ 34,900 ಬರುತ್ತಿತ್ತು. ಅಂದರೆ ಒಂದು ಕಾನೂನಿನ ಭರವಸೆಯನ್ನು ಪೂರ್ತಿ ಪಡೆದುಕೊಂಡ ಕುಟುಂಬ, ಬೇರೇನನ್ನೂ ದುಡಿಯದಿದ್ದರೂ, ಇನ್ನೊಂದು ಯೋಜನೆಯ ಗೆರೆ ದಾಟಿಬಿಡುತ್ತಿತ್ತು. ಬಿಪಿಎಲ್ ಕಾರ್ಡಿಗೆ ಇದೇ ರಾಜ್ಯದಲ್ಲಿ 1,20,000 ರೂಪಾಯಿ ಮಿತಿ ಇದೆ. ಅಕ್ಕಿ ಕೊಡುವಾಗ ಬಡವರಾದವರು ಮಾಸಾಶನ ಕೇಳುವಾಗ ಬಡವರಲ್ಲದೆ ಹೋಗುವುದು ಹೇಗೆ? ಜೊತೆಗೆ ಅಂಗವಿಕಲರ ಮನೆಯಲ್ಲಿ ಖರ್ಚು ಹೆಚ್ಚು. ಹಾಸನಕ್ಕೆ ಒಬ್ಬರು ಹೋಗುವ ಕಡೆ ಇಬ್ಬರು ಹೋಗಬೇಕು. ಮನೆಯಲ್ಲಿ ನೋಡಿಕೊಳ್ಳುವವರ ಕೂಲಿ ಹೋಗುತ್ತದೆ. ಯಾವ ಆದಾಯ ಪತ್ರದಲ್ಲೂ ಈ ಖರ್ಚನ್ನು ಕಳೆಯುವ ಕಾಲಂ ಇಲ್ಲ.

ಸಂಬಳದ ವಿಷಯದಲ್ಲಿ ನಮ್ಮ ಮೊದಲ ದೊಡ್ಡ ಬೇಡಿಕೆ ಇದು: ಬಿಪಿಎಲ್ ಕಾರ್ಡು ಇರುವ ಮನೆಯ ಅಂಗವಿಕಲರಿಗೆ ಬೇರೆ ಆದಾಯ ಪರೀಕ್ಷೆ ಬೇಡ.

ಎರಡನೆಯದಕ್ಕೆ ಅಂಗವಿಕಲರ ಹಕ್ಕುಗಳ ಕಾನೂನಿನ 24ನೇ ಕಲಂ ಓದಬೇಕು. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ಮೊತ್ತ, ಅದೇ ತರಹದ ಯೋಜನೆಯಲ್ಲಿ ಉಳಿದವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂದು ಅದರಲ್ಲಿದೆ. ಈಗ ಲೆಕ್ಕ ಹಾಕಿ. 2021ರ ಆದೇಶದಲ್ಲಿ ವಿಧವಾ ವೇತನ 800. ಅದರ ಮೇಲೆ ಶೇ. 25 ಎಂದರೆ 1,000. ವಯಸ್ಸಾದವರ ಸಂಧ್ಯಾ ಸುರಕ್ಷಾ 1,200. ಅದರ ಮೇಲೆ ಶೇ. 25 ಎಂದರೆ 1,500. ನನ್ನ ತಮ್ಮನಂಥವರಿಗೆ ಇರುವುದು 800. ವೈಕಲ್ಯ ಶೇ. 75 ದಾಟಿ ಹಾಸಿಗೆ ಹಿಡಿದವರಿಗೆ ಇರುವ 1,400 ಕೂಡ ಆ 1,500ಕ್ಕೆ ನೂರು ಕಡಿಮೆ. ವಿಧವೆಯರ ಸಂಬಳ, ಮುದುಕರ ಸಂಬಳ ಹೆಚ್ಚಾಯಿತೆಂಬ ಹೊಟ್ಟೆಕಿಚ್ಚು ನಮಗಿಲ್ಲ. ನಮ್ಮ ಹನ್ನೊಂದು ಮನೆಗಳಲ್ಲೂ ವಿಧವೆಯರಿದ್ದಾರೆ, ಅಜ್ಜಂದಿರಿದ್ದಾರೆ, ಅವರದೂ ಹೆಚ್ಚಾಗಬೇಕು. ಪಾರ್ಲಿಮೆಂಟು ಬರೆದದ್ದು ಬೆಂಗಳೂರಿನ ಆದೇಶದಲ್ಲಿ ಕಾಣಬೇಕು, ಅಷ್ಟನ್ನು ಕೇಳುತ್ತಿದ್ದೇವೆ.

ಇದನ್ನೆಲ್ಲ ಬಸ್ತಿಹಳ್ಳಿಯಲ್ಲಿ ಕೂತು ಯಾಕೆ ಹೇಳುತ್ತೀರಿ ಎಂದು ಕೇಳಬಹುದು. ನಮ್ಮ ಊರಿನ ಬಸದಿಗಳ ಆವರಣದಲ್ಲಿ ಮೂರು ಗುಡಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಕಟ್ಟಿಸಿದ. ಅದರ ಒಳಗಿನ ಕಂಬಗಳನ್ನು ಎಷ್ಟು ನಯವಾಗಿ ಉಜ್ಜಿದ್ದಾರೆ ಎಂದರೆ ಎದುರಿಗೆ ನಿಂತರೆ ಮುಖ ಕಾಣುತ್ತದೆ. ತಮ್ಮ ಚಿಕ್ಕವನಿದ್ದಾಗ ಆ ಕಂಬದ ಮುಂದೆ ನಿಂತು ತನ್ನ ಹೋದ ಕಣ್ಣನ್ನು ನೋಡಿಕೊಳ್ಳುತ್ತಿದ್ದ. ಕಣ್ಣು ಕಾಣದ ನಮ್ಮ ಚಿಕ್ಕಪ್ಪ ಅದೇ ಕಂಬವನ್ನು ಅಂಗೈಯಲ್ಲಿ ಸವರಿ, ಬಳೆಯ ಹಾಗೆ ಕಡೆದ ಸುತ್ತುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಅವರಿಗೆ ಅಷ್ಟು ಹತ್ತಿರದಿಂದ ಗೊತ್ತಿದ್ದ ಆ ಗುಡಿಯನ್ನು ನೋಡಲು ದೇಶವಿದೇಶದವರು ಬರುತ್ತಾರೆ.

ಗುಡಿಯ ಜೊತೆಗೆ ಶಾಸನವೂ ಇದೆ. ಯಾರು ಕಟ್ಟಿಸಿದರು, ಯಾರು ದತ್ತಿ ಕೊಟ್ಟರು, ಯಾವುದಕ್ಕೆ ಕೊಟ್ಟರು ಎಂದು ಕಲ್ಲಿನ ಮೇಲೆ, ಕನ್ನಡದಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ ಕೆತ್ತಿ ನಿಲ್ಲಿಸಿದ್ದಾರೆ. ನಮ್ಮ ಸೀಮೆಯಲ್ಲಿ ಹೊಲದ ಬದುವಿನಲ್ಲೂ ದತ್ತಿಯ ಕಲ್ಲುಗಳು ಸಿಗುತ್ತವೆ. ಗಡಿ ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಬರೆದಿರುತ್ತಾರೆ. ಕೊಟ್ಟದ್ದನ್ನು ಬಯಲಲ್ಲಿ ಬರೆದು ನಿಲ್ಲಿಸುವ ಈ ರೂಢಿ ನಮ್ಮ ಮಣ್ಣಿನದು. ನಾವು ಕೇಳುತ್ತಿರುವುದೂ ಹೊಸದೇನಲ್ಲ. 2005ರ ಮಾಹಿತಿ ಹಕ್ಕು ಕಾನೂನಿನ 4ನೇ ಕಲಂ ಅದನ್ನೇ ಹೇಳುತ್ತದೆ: ಸಹಾಯಧನದ ಯೋಜನೆಗಳನ್ನು ಹೇಗೆ ನಡೆಸುತ್ತಾರೆ, ಎಷ್ಟು ಹಣ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಅರ್ಜಿ ಹಾಕುವ ಮೊದಲೇ ಪ್ರಕಟಿಸಬೇಕು.

ಆದ್ದರಿಂದ ಗ್ರಾಮ ಪಂಚಾಯಿತಿ ಕಚೇರಿಯ ಹೊರಗೋಡೆಯಲ್ಲಿ ಎಂಟು ಅಡಿ ಜಾಗ ಕೇಳುತ್ತೇವೆ. ಬಣ್ಣ ನಮ್ಮದು, ಬರೆಯುವ ಕೈಯೂ ನಮ್ಮದು. ಯಾವ ಯೋಜನೆಗೆ ಎಷ್ಟು ಪರ್ಸೆಂಟೇಜ್, ಎಷ್ಟು ಆದಾಯ, ಯಾವ ಕಾಗದ, ಎಷ್ಟು ದಿನ, ಸಿಗದಿದ್ದರೆ ಯಾರಿಗೆ ಮೇಲ್ಮನವಿ ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆಯುತ್ತೇವೆ. ಎರಡು ವೈಕಲ್ಯದ ಲೆಕ್ಕವನ್ನೂ 30, 20, 43 ಎಂದು ಬರೆಯುತ್ತೇವೆ. ಗೋಡೆ ನೋಡಲಾಗದವರಿಗೆ ಅದನ್ನೇ ಓದಿ ಫೋನಿನಲ್ಲಿ ರೆಕಾರ್ಡು ಮಾಡಿ ಮನೆಮನೆಗೆ ಕಳಿಸುತ್ತೇವೆ. ಫೋನಿಲ್ಲದ ಮನೆಗೆ ಹೋಗಿ ಹೇಳುತ್ತೇವೆ. ಮೊತ್ತ ಬದಲಾದ ದಿನ ಗೋಡೆಯೂ ಬದಲಾಗುತ್ತದೆ.

ಕಿಟಕಿಯ ಮುಂದೆ ಇನ್ನು ಮೇಲೆ ಯಾರೂ ಒಂಟಿಯಾಗಿ ನಿಲ್ಲುವುದಿಲ್ಲ. ಆಸ್ಪತ್ರೆಗೆ ಹೋಗುವವರ ಜೊತೆ ನಮ್ಮಲ್ಲೊಬ್ಬರು ಹೋಗುತ್ತೇವೆ, ಬೆಳಗಿನ ಮೊದಲ ಬಸ್ಸಿಗೆ. ಯಾವ ದಿನ ಕಣ್ಣು, ಯಾವ ದಿನ ಮೂಳೆ, ಯಾವ ದಿನ ಕಿವಿ ಎಂದು ಮೊದಲೇ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇವೆ. ಮೈಮೇಲಿರುವ ಎಲ್ಲ ತೊಂದರೆಗಳನ್ನೂ, ಚಿಕ್ಕದಾದರೂ, ತೋರಿಸಿ ಎಂದು ನೆನಪಿಸುತ್ತೇವೆ. ತಾತ್ಕಾಲಿಕ ಪ್ರಮಾಣಪತ್ರವಾದರೆ ಅದರ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಲ್ಲಿ ಗುರುತು ಮಾಡುತ್ತೇವೆ, ಯಾಕೆಂದರೆ ಆ ದಿನ ದಾಟಿ ಸಂಬಳ ನಿಂತ ಮೂವರು ನಮ್ಮಲ್ಲೇ ಇದ್ದಾರೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಸಕಾಲದ ಸ್ವೀಕೃತಿ ಇಲ್ಲದೆ ಕೌಂಟರ್ ಬಿಡುವುದಿಲ್ಲ. 2011ರ ಸಕಾಲ ಕಾನೂನಿನಲ್ಲಿ ಹೇಳಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಇದೆ. ಮೊತ್ತ ಚಿಕ್ಕದು, ಆದರೆ ಅದನ್ನು ಕೇಳಿದ ಅರ್ಜಿ ಮೂಲೆಗೆ ಬೀಳುವುದಿಲ್ಲ. ಆಗಲ್ಲ ಎಂದರೆ ಜಗಳ ಆಡುವುದಿಲ್ಲ, ಕೂಗುವುದಿಲ್ಲ. "ಹಿಂಬರಹ ಕೊಡಿ ಸಾರ್, ಹೋಗ್ತೀವಿ" ಎನ್ನುತ್ತೇವೆ. ಕೊಡುವವರೆಗೂ ಅಲ್ಲೇ ಕೂರುತ್ತೇವೆ.

ಕೌಂಟರಿನ ಆಚೆ ಇರುವವರನ್ನು ಶತ್ರುಗಳೆಂದು ನಾವು ಎಣಿಸಿಲ್ಲ. ಅಲ್ಲಿ ಒಬ್ಬರೇ ಕೂತು ಆಧಾರ್, ಜಾತಿ, ಆದಾಯ, ಬೆಳೆ ಎಲ್ಲವನ್ನೂ ನೋಡುವವರ ಕಷ್ಟ ಕಂಡಿದ್ದೇವೆ. ನಿಯಮ ಅವರಿಗೂ ಯಾರೂ ಸರಿಯಾಗಿ ಹೇಳಿರುವುದಿಲ್ಲ. ನಮಗೆ ದಾರಿ ತೋರಿಸಿದವರೂ ಸರ್ಕಾರದ ಗೌರವಧನದಲ್ಲಿ ಬದುಕುವ ಪುನರ್ವಸತಿ ಕಾರ್ಯಕರ್ತರೇ. ಅವರಿಗೆ ತಿಂಗಳಿಗೆ ಸರಿಯಾಗಿ ಗೌರವಧನ ಸಿಗಬೇಕು, ನೌಕರಿಯ ಭದ್ರತೆ ಬೇಕು ಎಂಬುದೂ ನಮ್ಮ ಬೇಡಿಕೆ. ಆದರೆ ಜನರ ಮುಂದೆ ಕುಂಟ, ಕುರುಡ, ಹುಚ್ಚ ಎಂದು ಕರೆದು ಅವಮಾನ ಮಾಡಿದವರನ್ನು ಬಿಡುವುದಿಲ್ಲ. ಅಂಗವಿಕಲರ ಹಕ್ಕುಗಳ ಕಾನೂನಿನ 92ನೇ ಕಲಮಿನಲ್ಲಿ ಅದಕ್ಕೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲಿದೆ.

ನಮ್ಮೊಳಗೂ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇವೆ. ದುಡ್ಡು ಕೊಟ್ಟರೆ 30 ಇದ್ದದ್ದನ್ನು 75 ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟರು ಎಲ್ಲ ಕಡೆ ಇದ್ದಾರೆ. ಅವರ ಹತ್ತಿರ ಹೋದವರಿಗೆ ನಮ್ಮ ಹೆಗಲಿಲ್ಲ, ಅವರು ನಮ್ಮ ಸ್ವಂತ ಅಣ್ಣ ತಮ್ಮಂದಿರಾದರೂ ಸರಿ. ಸುಳ್ಳು ಹೇಳಿ ಅಂಗವಿಕಲರ ಸೌಲಭ್ಯ ತೆಗೆದುಕೊಂಡರೆ ಅದೇ ಕಾನೂನಿನ 91ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಶಿಕ್ಷೆಯ ಭಯಕ್ಕಿಂತ ದೊಡ್ಡ ಕಾರಣ ನಮಗಿದೆ. ಒಂದು ಸುಳ್ಳು ಪ್ರಮಾಣಪತ್ರ ಸಿಕ್ಕಿಬಿದ್ದ ಮೇಲೆ ಆ ಕಿಟಕಿಗೆ ಬರುವ ಹತ್ತು ನಿಜದವರನ್ನು ಅನುಮಾನದಿಂದ ನೋಡುತ್ತಾರೆ. ನಾಲ್ಕು ಗೋಡೆಯ ಆ ಅಣ್ಣನಿಗೆ ಆ ನೋಟವನ್ನು ತಡೆದುಕೊಳ್ಳುವ ಶಕ್ತಿ ಇಲ್ಲ.

ಮನೆಯಿಂದ ಹೊರಗೆ ಬರಲಾಗದವರ ವಿಷಯಕ್ಕೆ ಒಂದು ಬೇಡಿಕೆ ಸೇರಿಸಬೇಕೆಂದು ನಮ್ಮಲ್ಲಿ ಹಿರಿಯರೊಬ್ಬರು ಹಟ ಹಿಡಿದರು. ಪ್ರಮಾಣಪತ್ರದ ಶಿಬಿರ ತಾಲ್ಲೂಕಿನಲ್ಲಿ ನಡೆದರೆ ಸಾಲದು. ಹೋಬಳಿಗೆ ಬರಲಿ, ಹಾಸಿಗೆ ಹಿಡಿದವರ ಮನೆಗೆ ವೈದ್ಯರು ಬರಲಿ. ಚುನಾವಣೆಯ ಹೊತ್ತಿಗೆ ಮತಪೆಟ್ಟಿಗೆ ಮನೆಗೆ ಬಂದದ್ದನ್ನು ಅವರು ಕಂಡಿದ್ದಾರೆ. "ಓಟು ತಗಳಕ್ಕೆ ಮನೆತಂಕ ಬಂದೋರು, ಪರ್ಸೆಂಟೇಜ್ ನೋಡಕ್ಕೂ ಬರ್ಲಿ" ಎಂದರು. ಹಾಗೇ ಬರೆದಿದ್ದೇನೆ.

ಈ ಕೂಟಕ್ಕೆ ಇನ್ನೂ ಹೆಸರಿಟ್ಟಿಲ್ಲ. ಲೆಟರ್‌ಹೆಡ್ ಇಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಹಳೇಬೀಡು, ಬೇಲೂರು, ಅರಸೀಕೆರೆ ಕಡೆಯ ಯಾರು ಬೇಕಾದರೂ ತಮ್ಮ ಊರಲ್ಲಿ ಇದನ್ನು ಶುರುಮಾಡಬಹುದು, ನಮ್ಮನ್ನು ಕೇಳಬೇಕಾಗಿಲ್ಲ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ 13,24,205 ಅಂಗವಿಕಲರಿದ್ದರು, ಅದೂ ಹಳೆಯ ಕಾಲದ ಬಗೆಗಳನ್ನು ಹಿಡಿದು ಎಣಿಸಿದ್ದು. ಬಸ್ತಿಹಳ್ಳಿಯಲ್ಲಿ ಕೂತವರು ಹನ್ನೊಂದು ಮನೆಯವರು.

ಪ್ರತಿ ತಿಂಗಳ ಮೊದಲ ಭಾನುವಾರ ಹತ್ತು ಗಂಟೆಗೆ ಬಸದಿಯ ಹೊರಗಿನ ಮರದ ಹತ್ತಿರ ಸೇರುತ್ತೇವೆ. ನೆಲ ಸಮ ಇದೆ, ಗಾಲಿಕುರ್ಚಿ ಬರುತ್ತದೆ. ಬರುವಾಗ ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ತನ್ನಿ. ಹಳೆಯ ಪ್ರಮಾಣಪತ್ರ ಇದ್ದರೆ ತನ್ನಿ, ಇಲಿ ಕಡಿದಿದ್ದರೂ ಪರವಾಗಿಲ್ಲ. ಡಾಕ್ಟರ ಚೀಟಿ, ಎಕ್ಸ್-ರೇ, ಔಷಧಿ ಅಂಗಡಿಯ ಬಿಲ್ಲು ಏನಿದ್ದರೂ ತನ್ನಿ. ಯಾವ ದಿನ, ಯಾವ ಕಡೆ, ಏನು ಹೇಳಿ ಕಳಿಸಿದರು ಎಂಬುದು ನೆನಪಿದ್ದರೆ ಅದನ್ನೂ ಹೇಳಿ, ಬರೆದುಕೊಳ್ಳುತ್ತೇವೆ. ಬರಲಾಗದವರ ಮನೆಯ ಗುರುತು ಪಕ್ಕದವರ ಹತ್ತಿರ ಹೇಳಿ ಕಳಿಸಿದರೆ ಸಾಕು. ನನ್ನ ತಮ್ಮ ಸೈಕಲ್ ತುಳಿಯಲಾರ, ನಡೆದೇ ಬರುತ್ತಾನೆ. ಸ್ವಲ್ಪ ತಡವಾಗುತ್ತದೆ.